ಚುವೊಲ್ ಕಾಣೆಯಾಗಿಲ್ಲ

ಗೇಟಿನ ಒಳಗಿದ್ದ ಮಾನ್ಯರೇ,

ನಮ್ಮ ಮನೆಯ ಚುವೊಲ್ ಎಂಬ ಮನುಷ್ಯ ಹತ್ತು ವರ್ಷದ ಹಿಂದೆ ನಿಮ್ಮ ಎರಡನೇ ಗೇಟಿನ ಹೊರಗೆ, ನಿಮ್ಮ ಕಾವಲು ಗೋಪುರದ ಕೆಳಗೆ, ಹಾಡಹಗಲಲ್ಲಿ ಕೊಲೆಯಾದ. ನೀವು ಅವನನ್ನು 'ಕಾಣೆಯಾದವನು' ಎಂದು ಬರೆದುಕೊಂಡಿದ್ದೀರಿ. ಆ ಒಂದು ಪದವನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಶಾಂತಿಪಾಲನಾ ಪಡೆಯಲ್ಲಿ ನಾಗರಿಕರ ರಕ್ಷಣೆಯನ್ನು ನೋಡಿಕೊಳ್ಳುವ ಅಧಿಕಾರಿ ಎಂಬುದಷ್ಟೇ ಗೊತ್ತು. ಆ ಕುರ್ಚಿಗೆ ಇಷ್ಟು ವರ್ಷದಲ್ಲಿ ಎಷ್ಟು ಜನ ಬಂದು ಹೋದರೋ. ನಾನು ಮೂರು ಸಲ ಅರ್ಜಿ ಬರೆದೆ. ಮೂರು ಸಲವೂ ಉತ್ತರ ಬಂತು. ಸಹಿ ಮೂರು ತರಹ, ವಾಕ್ಯ ಒಂದೇ. ಅದಕ್ಕೇ ಈ ಸಲ ಒಂದು ಪ್ರತಿಯನ್ನು ನಿಮಗೆ ಕಳಿಸಿ, ಇನ್ನೊಂದನ್ನು ನಮ್ಮ ಶಿಬಿರದ ನೀರಿನ ನಲ್ಲಿಯ ಪಕ್ಕದ ಹಲಗೆಗೆ ಅಂಟಿಸುತ್ತಿದ್ದೇನೆ. ಮತ್ತೊಂದನ್ನು ನಮ್ಮ ಭಾಷೆಯ ರೇಡಿಯೋದವರಿಗೆ ಕೊಡುತ್ತೇನೆ. ಎದುರಿಗೆ ನಿಂತು ಮಾತಾಡು ಅಂದರೆ ನನಗೆ ಬಾಯಿ ಬರುವುದಿಲ್ಲ. ಗಡಿ ದಾಟುವ ಮೊದಲು ಎರಡು ಸಲ ನಿಮ್ಮ ಕಚೇರಿಗೆ ಬಂದಿದ್ದೆ. ಬೆಂಚಿನ ಮೇಲೆ ಕೂತಿದ್ದು, ಒಳಗಿನಿಂದ ನನ್ನ ಹೆಸರು ಕರೆದಾಗ ಎದ್ದು ಆಚೆ ಹೋಗಿಬಿಟ್ಟೆ. ನಾನು ಓದಿದ್ದು ಐದನೇ ತರಗತಿ, ಅದೂ ನಿಮ್ಮ ಶಿಬಿರದ ಟಾರ್ಪಾಲಿನ ಶಾಲೆಯಲ್ಲಿ. ಹಾಗಾಗಿ ನನ್ನ ಅಕ್ಷರಕ್ಕೂ ನೀವೇ ಕಾರಣ, ಈ ಪತ್ರಕ್ಕೂ ನೀವೇ ಕಾರಣ.

ಮೊದಲು ನಮ್ಮ ಮನೆಯ ವಿಷಯ ಹೇಳಬೇಕು. ಅವತ್ತು ನಿಮ್ಮ ಗೇಟಿನಲ್ಲಿ ಯಾರಿಗೂ ಅರ್ಥವಾಗದೇ ಹೋದದ್ದು ಅದೇ.

ನನ್ನ ಅಪ್ಪನ ಹೆಸರು ಬೀಲ್. ನಾನು ಹುಟ್ಟುವುದಕ್ಕೆ ಒಂಬತ್ತು ವರ್ಷ ಮೊದಲೇ ಅವನು ಜ್ವರ ಬಂದು ಸತ್ತ. ಆಗ ಅವನಿಗೆ ಮದುವೆಯಾಗಿರಲಿಲ್ಲ. ನಮ್ಮ ನುಯೆರ್ ಜನರಲ್ಲಿ ಮದುವೆಯಾಗದೆ ಸತ್ತ ಗಂಡಸಿನ ಹೆಸರು ಅಲ್ಲಿಗೇ ನಿಂತುಹೋಗಲು ಬಿಡುವುದಿಲ್ಲ. ತಮ್ಮನೋ, ಅಣ್ಣನ ಮಗನೋ ಅವನ ಹೆಸರಿನಲ್ಲಿ ಹೆಣ್ಣು ತರುತ್ತಾನೆ. ಹೆಣ್ಣಿನ ಮನೆಗೆ ಹೋಗುವ ದನ ಸತ್ತವನ ಹೆಸರಿನಲ್ಲಿ ಹೋಗುತ್ತವೆ, ಮದುವೆಯೂ ಅವನ ಹೆಸರಿನಲ್ಲೇ ಆಗುತ್ತದೆ. ಅವಳ ಜೊತೆ ಬಾಳುವವನು ಬದುಕಿರುವವನು. ಹುಟ್ಟುವ ಮಕ್ಕಳು ಸತ್ತವನ ಮಕ್ಕಳು. ಬೀಲನ ತಮ್ಮನೇ ಚುವೊಲ್. ತನ್ನ ಮದುವೆಗೆಂದು ಸಾಕಿಕೊಂಡಿದ್ದ ದನಗಳನ್ನು ಅಣ್ಣನ ಹೆಸರಿನಲ್ಲಿ ಹೊಡೆದುಕೊಂಡು ಹೋಗಿ ನಮ್ಮ ಅಮ್ಮನನ್ನು ಮನೆಗೆ ತಂದ. ಅವಳ ಹೆಸರು ನ್ಯಾರುವೊತ್. "ಮೊದಲು ಅಣ್ಣನದು ಆಗಲಿ, ನನ್ನದು ಆಮೇಲೆ ನೋಡ್ಕೊಳ್ಳೋಣ" ಅಂದಿದ್ದನಂತೆ. ಆ ಆಮೇಲೆ ಬರಲೇ ಇಲ್ಲ.

ನಾವು ಮೂರು ಜನ ಮಕ್ಕಳು: ಅಣ್ಣ ಗಾಟ್ಲುವಾಕ್, ನಾನು, ತಂಗಿ ನ್ಯಾಪುವೊಕ. ಬಾಯಲ್ಲಿ ಮೂವರೂ ಚುವೊಲ್‌ನನ್ನೇ ಅಪ್ಪ ಅನ್ನುತ್ತಿದ್ದೆವು. ಯಾರ ಮಕ್ಕಳು ಎಂದು ಕೇಳಿದರೆ ಬೀಲನ ಮಕ್ಕಳು ಅನ್ನುತ್ತಿದ್ದೆವು. ಇದರಲ್ಲಿ ನಮಗಾಗಲಿ ಊರಿಗಾಗಲಿ ಯಾವ ಗೊಂದಲವೂ ಇರಲಿಲ್ಲ. ಹಸು ಕರು ಹಾಕಿದಾಗ ಚುವೊಲ್ ಮೊದಲ ಹಾಲನ್ನು ಕಂಬದ ಬುಡಕ್ಕೆ ಸುರಿದು, "ಅಣ್ಣಾ, ನಿನ್ನ ಮನೆ ಚೆನ್ನಾಗಿದೆ, ನಾನು ನೋಡ್ಕೋತಾ ಇದೀನಿ" ಅನ್ನುತ್ತಿದ್ದ. ಈ ಪತ್ರದಲ್ಲಿ ನಾನು ಅವನನ್ನು ಅಪ್ಪ ಎಂದು ಬರೆಯದೆ ಚುವೊಲ್ ಎಂದೇ ಬರೆಯುತ್ತೇನೆ. ಆ ಹೆಸರು ನಿಮ್ಮ ಕಾಣೆಯಾದವರ ಪಟ್ಟಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ.

ಆ ವರ್ಷ ಒಣಗಾಲದಲ್ಲಿ ನಮ್ಮ ದೇಶ ಆಳುವ ದೊಡ್ಡವರು, ನಮ್ಮವರೂ ಡಿಂಕಾ ಜನರೂ, ದೂರದ ರಾಜಧಾನಿಯಲ್ಲಿ ಜಗಳವಾಡಿದರು. ಅದು ನದಿಯ ಗುಂಟ ನಮ್ಮ ಊರು ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಡಿಂಕಾ ಕಡೆಯ ಬಂದೂಕಿನವರು ಮನೆಮನೆಗೆ ಬಂದು ಹಣೆ ನೋಡಿದರು. ನಮ್ಮ ಗಂಡಸರ ಹಣೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ ಆರು ಗೀರು ಇರುತ್ತವೆ. ಡಿಂಕಾ ಜನರ ಗೀರು ಬೇರೆ ತರಹ. ದೊಡ್ಡವನಾದ ಎಂದು ಹೆಮ್ಮೆಯಿಂದ ಕೊಯ್ಯಿಸಿಕೊಂಡ ಗೀರೇ ಕೊಲ್ಲುವವನಿಗೆ ವಿಳಾಸವಾಯಿತು. ಇನ್ನೊಂದು ಊರಿನಲ್ಲಿ ನಮ್ಮವರು ಅವರ ಹಣೆ ನೋಡಿ ಇದನ್ನೇ ಮಾಡಿದರು. ಅಲ್ಲಿಂದ ಓಡಿಬಂದ ಒಬ್ಬ ಡಿಂಕಾ ಹೆಂಗಸು ಮಗುವಿನ ಹೆಣ ಹೊತ್ತುಕೊಂಡು ನಡೆದದ್ದನ್ನು ನಮ್ಮ ಊರಿನವರೇ ನೋಡಿದ್ದಾರೆ. ಅದನ್ನು ಬಚ್ಚಿಟ್ಟು ಈ ಪತ್ರ ಬರೆದರೆ ನನಗೂ ನಿಮಗೂ ವ್ಯತ್ಯಾಸ ಇರುವುದಿಲ್ಲ.

ನಾವು ನಿಮ್ಮ ಗೇಟಿಗೆ ಓಡಿಬಂದೆವು. ನೀಲಿ ಟೋಪಿಯವರ ಬೇಲಿಯೊಳಗೆ ಹೋದರೆ ಉಳಿಯಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ನೀವೂ ಹಾಗೆಯೇ ಹೇಳಿದ್ದಿರಿ. ಗೋಡೆಯ ಮೇಲೆ ಚಿತ್ರ ಕೂಡ ಇತ್ತು: ನೀಲಿ ಟೋಪಿಯ ಸೈನಿಕ, ಅವನ ಕೈ ಹಿಡಿದ ಮಗು. ಗೇಟಿನಲ್ಲಿ ಮೇಜು ಹಾಕಿಕೊಂಡು ನಿಮ್ಮ ಗುಮಾಸ್ತ ಕೂತಿದ್ದ, ಪಕ್ಕದಲ್ಲಿ ದುಭಾಷಿ ನಿಂತಿದ್ದ. ದುಭಾಷಿ ದಕ್ಷಿಣದ ಕಡೆಯವನು. ಅವನಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಅಮ್ಮನಿಗೆ ಬರುತ್ತಿದ್ದದ್ದು ಸಂತೆಯಲ್ಲಿ ಹಾಲು ಮಾರುವಷ್ಟು ಅರಬ್ಬಿ. ಆ ಹಾಲು ಮಾರುವ ಅರಬ್ಬಿಯಲ್ಲಿ ನಮ್ಮ ಅದೃಷ್ಟದ ತೀರ್ಮಾನ ಆಯಿತು.

"ಗಂಡನ ಹೆಸರೇನು?" ಎಂದು ದುಭಾಷಿ ಕೇಳಿದ.

"ಬೀಲ್."

"ಎಲ್ಲಿದಾನೆ?"

"ಸತ್ತೋದ."

"ಯಾವಾಗ? ನಿನ್ನೆಯಾ, ಮೊನ್ನೆಯಾ?"

"ಹದಿನೆಂಟು ವರ್ಷ ಆಯ್ತು."

ದುಭಾಷಿ ಅಮ್ಮನ ಸೊಂಟದ ಮೇಲೆ ಕೂತಿದ್ದ ನ್ಯಾಪುವೊಕಳನ್ನು ನೋಡಿದ. ಅವಳಿಗೆ ಆಗ ನಾಲ್ಕು ವರ್ಷ. "ಈ ಮಗು ಯಾರದ್ದು?"

"ಬೀಲನದೇ."

ಅವನು ಗುಮಾಸ್ತನ ಕಡೆ ತಿರುಗಿ ಏನೋ ಹೇಳಿದ. ಇಬ್ಬರೂ ನಕ್ಕರು. ಹಿಂದೆ ಸಾಲಿನಲ್ಲಿ ಸಾವಿರ ಜನ ನಿಂತಿದ್ದರು, ಊರಿನ ಕಡೆ ಹೊಗೆ ಏಳುತ್ತಿತ್ತು, ಇವರಿಬ್ಬರು ನಕ್ಕರು. ಅವರನ್ನು ನಾನು ಪೂರ್ತಿ ಬಯ್ಯಲಾರೆ. ಬೆಳಗಿನಿಂದ ಅಳುವುದನ್ನೇ ಕೇಳಿ ಸಾಕಾಗಿತ್ತೋ ಏನೋ. ಆಮೇಲೆ ದುಭಾಷಿ ಚುವೊಲ್‌ನನ್ನು ತೋರಿಸಿ, "ಇವನು ಯಾರು ಹಾಗಾದ್ರೆ?" ಎಂದ.

"ಬೀಲನ ತಮ್ಮ" ಎಂದಳು ಅಮ್ಮ.

ಅಷ್ಟರಲ್ಲಿ ನ್ಯಾಪುವೊಕ ಚುವೊಲ್ ಕಡೆ ಕೈ ಚಾಚಿ "ಅಪ್ಪಾ, ಎತ್ಕೋ" ಎಂದಳು. ಅದಕ್ಕೆ ಬೇಕಾದಷ್ಟು ನಮ್ಮ ಭಾಷೆ ದುಭಾಷಿಗೂ ಬರುತ್ತಿತ್ತು. ಅವನ ಮುಖ ಗಟ್ಟಿಯಾಯಿತು. "ನೋಡಮ್ಮ, ಸುಳ್ಳು ಹೇಳಿ ಗಂಡಸರನ್ನ ಒಳಗೆ ಸೇರಿಸೋರನ್ನ ಇವತ್ತು ಬೇಕಾದಷ್ಟು ನೋಡಿದೀನಿ. ಹೆಂಗಸರು ಮಕ್ಕಳು ಒಳಗೆ. ಸಂಸಾರ ಇರೋ ಗಂಡಸರು ಒಳಗೆ. ಒಂಟಿ ಗಂಡಸರನ್ನ ತಪಾಸಣೆ ಮಾಡೇ ಬಿಡೋದು." ಆಮೇಲೆ ನೇರವಾಗಿ ಚುವೊಲ್‌ನನ್ನೇ ಕೇಳಿದ. "ಹೇಳಪ್ಪ, ಇವಳು ನಿನ್ನ ಹೆಂಡತಿಯಾ, ಅಲ್ವಾ? ಒಂದೇ ಮಾತು."

ಮಾನ್ಯರೇ, ಆ ಒಂದೇ ಮಾತಿನಲ್ಲಿ ಅವನ ಜೀವ ಇತ್ತು. ಹೌದು ಅಂದಿದ್ದರೆ ಒಳಗೆ ಬರುತ್ತಿದ್ದ. ಅವನಿಗೆ ಅದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಸಾಲಿನಲ್ಲಿ ನಮ್ಮ ಮುಂದಿದ್ದವರಿಗೆ ಏನಾಯಿತು ಎಂದು ಅವನು ನೋಡಿದ್ದ. ಅಮ್ಮನ ಮುಖ ನೋಡಿದ, ನಮ್ಮ ಮೂವರ ಮುಖ ನೋಡಿದ. ಹೌದು ಅಂದರೆ ನಾವು ಬೀಲನ ಮಕ್ಕಳಲ್ಲ ಎಂದಾಗುತ್ತಿತ್ತು. ಅಣ್ಣನ ಮನೆಯನ್ನು, ಅಣ್ಣ ಮಣ್ಣಿನಲ್ಲಿರುವಾಗ, ತಮ್ಮ ಕದ್ದ ಹಾಗೆ ಆಗುತ್ತಿತ್ತು. "ಅವಳು ನನ್ನ ಅಣ್ಣನ ಹೆಂಡತಿ" ಅಂದ ಚುವೊಲ್. "ನಾನು ಮನೆ ನೋಡ್ಕೊಳ್ಳೋನು."

ನಿಮ್ಮ ರಿಜಿಸ್ಟರಿನಲ್ಲಿ ಬೀಲನ ಹೆಸರು ಬಂತು. ವಿಧವೆ ಒಬ್ಬಳು, ಮಕ್ಕಳು ಮೂವರು, ಅಪ್ಪ ಬೀಲ್. ಗಾಟ್ಲುವಾಕ್‌ಗೆ ಹದಿನಾಲ್ಕು ವರ್ಷ, ಹಣೆಗೆ ಇನ್ನೂ ಗೀರು ಬಿದ್ದಿರಲಿಲ್ಲ, ಹಾಗಾಗಿ ಅವನು ಮಗು ಎಂದಾಯಿತು. ಚುವೊಲ್‌ನ ಹೆಸರು ಯಾವ ಪುಟದಲ್ಲೂ ಬರಲಿಲ್ಲ. ಸತ್ತವನನ್ನು ಗೇಟಿನ ಒಳಗೆ ಬರೆದುಕೊಂಡಿರಿ, ಬದುಕಿದ್ದವನನ್ನು ಹೊರಗೆ ಕೂರಿಸಿದಿರಿ.

ಒಂಟಿ ಗಂಡಸರನ್ನು ಬೇಲಿಯ ಹೊರಗೆ, ಕಂದಕದ ಪಕ್ಕ ಸಾಲಾಗಿ ಕೂರಿಸಿದ್ದರು. ನಾಳೆ ಬೆಳಿಗ್ಗೆ ತಪಾಸಣೆ ಎಂದಿದ್ದರು. ಸುಮಾರು ನೂರೈವತ್ತು ಜನ ಇದ್ದಿರಬೇಕು. ಅವರ ಕೈಯಲ್ಲಿದ್ದ ಭರ್ಜಿ, ಕೋಲು ಎಲ್ಲವನ್ನೂ ನಿಮ್ಮವರು ಇಸಕೊಂಡಿದ್ದರು. ಶಾಂತಿಯ ಜಾಗದಲ್ಲಿ ಆಯುಧ ಇರಬಾರದಲ್ಲವೇ? ಚುವೊಲ್‌ನ ಹತ್ತಿರ ಉಳಿದದ್ದು ಅವನ ಮರದ ತಲೆದಿಂಬು. ನಮ್ಮ ಗಂಡಸರು ಎಲ್ಲಿ ಹೋದರೂ ಅದನ್ನು ಹೊತ್ತುಕೊಂಡು ಹೋಗುತ್ತಾರೆ. ಹಗಲಲ್ಲಿ ಅದೇ ಮಣೆ, ಮಲಗುವಾಗ ಅದೇ ದಿಂಬು. ಮೂರು ಕಾಲಿನ ಆ ದಿಂಬಿನ ಒಂದು ಕಾಲು ಸೀಳಿತ್ತು. ಅವನು ಅದಕ್ಕೆ ಕೆಂಪು ತಂತಿ ಸುತ್ತಿದ್ದ.

ಮಾರನೇ ದಿನ ಬೆಳಿಗ್ಗೆ ನಾವು ಬೇಲಿಯ ಹತ್ತಿರ ಹೋದೆವು. ಅವನು ತಲೆದಿಂಬಿನ ಮೇಲೆ ಕೂತಿದ್ದ. ಗೇಟಿನ ಕಡೆಯಿಂದ ಸಾಲಿನಲ್ಲಿ ಮೂರನೆಯವನು. ಮುಳ್ಳುತಂತಿಯ ಆಚೆಯಿಂದ ಅಮ್ಮನನ್ನು ನೋಡಿ ನಕ್ಕ.

"ಒಳಗೆ ಊಟ ಹೆಂಗಿದೆ?"

"ಹುರುಳಿ ತರಹ ಏನೋ ಕಾಳು. ಉಪ್ಪಿಲ್ಲ."

"ನನ್ನ ಅಣ್ಣನ್ನ ನೋಡು" ಅಂದ. "ಸತ್ತು ಹದಿನೆಂಟು ವರ್ಷ ಆಗಿದೆ, ಒಳಗೆ ಜಾಗ ಸಿಕ್ತು. ನಾನು ಬದುಕಿದ್ದು ಹೊರಗೆ ಬಿಸಿಲು ಕಾಯ್ತಾ ಇದೀನಿ. ಚಿಕ್ಕಂದಿನಿಂದಲೂ ಹಿಂಗೇ. ಯಾವಾಗಲೂ ಅವನೇ ಮುಂದೆ."

"ನಿಂಗೆ ಯಾವಾಗಲೂ ಅವನ ಮೇಲೆ ಹೊಟ್ಟೆಕಿಚ್ಚು" ಎಂದಳು ಅಮ್ಮ. ಅವಳೂ ನಗುತ್ತಿದ್ದಳು. ಆಮೇಲೆ ನಗು ನಿಲ್ಲಿಸಿ, "ನಿನ್ನೆ ನಾನು ಬೇರೆ ತರಹ ಹೇಳಬೇಕಿತ್ತಾ?" ಎಂದು ಕೇಳಿದಳು.

"ಏನಂತ? ಬೀಲ್ ಅನ್ನೋನು ಇರಲೇ ಇಲ್ಲ ಅಂತಾನಾ? ಸುಮ್ನಿರು. ಮಧ್ಯಾಹ್ನದೊಳಗೆ ತಪಾಸಣೆ ಮುಗಿದ್ರೆ ಬಂದೆ ಅಂತ ತಿಳ್ಕೋ. ಉಪ್ಪು ಎಲ್ಲಾದ್ರೂ ಹುಡುಕಿಡು."

ನನಗೂ ಅವನಿಗೆ ಏನಾದರೂ ಹೇಳಬೇಕು ಅನಿಸಿತ್ತು. ನಾಚಿಕೆ. ಸುತ್ತ ಜನ ಇದ್ದರು. ಸುಮ್ಮನೆ ನಿಂತಿದ್ದೆ. ಅವನು ನನ್ನನ್ನು ನೋಡಿ ಹುಬ್ಬು ಎತ್ತಿದ, ಗೀರುಗಳೆಲ್ಲ ಅಲೆಯ ಹಾಗೆ ಮೇಲಕ್ಕೆ ಹೋದವು. ನನ್ನನ್ನು ನಗಿಸಲು ಯಾವಾಗಲೂ ಹಾಗೆ ಮಾಡುತ್ತಿದ್ದ.

ಬೆಳಗಿನ ತಪಾಸಣೆ ಬೆಳಿಗ್ಗೆ ಆಗಲಿಲ್ಲ. ತಪಾಸಣೆಯ ಅಧಿಕಾರಿ ಬಂದಿಲ್ಲ ಎಂದರು. ಆಮೇಲೆ ಬಂದಿದ್ದಾರೆ, ಕಾಗದ ಬಂದಿಲ್ಲ ಎಂದರು. ಆಮೇಲೆ ಊಟದ ಹೊತ್ತಾಯಿತು. ಮಧ್ಯಾಹ್ನ ಮೂರರ ಸುಮಾರಿಗೆ ಊರಿನ ಕಡೆಯಿಂದ ಆ ಹಣೆ ನೋಡಿದವರ ಲಾರಿಗಳು ಬಂದವು. ಒಳಗಿದ್ದ ನಮಗೆ ಧ್ವನಿವರ್ಧಕದಲ್ಲಿ ಕೂಗಿ ಹೇಳಿದರು: ಎಲ್ಲರೂ ನಡುವಿಗೆ ಬನ್ನಿ, ಕಬ್ಬಿಣದ ಕಂಟೇನರುಗಳ ಹಿಂದೆ ಬೋರಲು ಮಲಗಿ. ಎಷ್ಟು ಒಳ್ಳೆಯ ವ್ಯವಸ್ಥೆ. ನಮ್ಮಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ನಾವು ಮಣ್ಣಿಗೆ ಮುಖ ಒತ್ತಿ ಮಲಗಿ ಗುಂಡಿನ ಸದ್ದು ಕೇಳಿದೆವು. ಅದರ ನಡುವೆ ಗೇಟನ್ನು ಬಡಿಯುವ ಸದ್ದನ್ನೂ ಕೇಳಿದೆವು. ತಗಡಿನ ಗೇಟು, ಬಹಳ ಜನ ಕೈಯಿಂದ ಬಡಿಯುತ್ತಿದ್ದ ಹಾಗೆ. ಅದು ಎಷ್ಟು ಹೊತ್ತು ಕೇಳಿಸಿತು ಎಂದು ನನ್ನನ್ನು ಕೇಳಬೇಡಿ. ನಿಂತದ್ದು ಯಾವಾಗ ಎಂದು ಮಾತ್ರ ಗೊತ್ತು. ಅದು ನಿಂತಾಗ ಅಮ್ಮ ನನ್ನ ಕಿವಿ ಮುಚ್ಚಿದಳು, ಕೇಳಿಸಲು ಏನೂ ಇರಲಿಲ್ಲ.

ಗೇಟು ತೆರೆಯಲಿಲ್ಲ. ಮೇಲಿನಿಂದ ಆದೇಶ ಬರಬೇಕಿತ್ತಂತೆ. ಆದೇಶ ಎಷ್ಟು ದೂರದಿಂದ ಬರುತ್ತಿತ್ತು, ಮಾನ್ಯರೇ? ಚಿಲಕ ಒಳಗಡೆ ಇತ್ತು.

ಮಾರನೇ ದಿನ ಬೇಲಿಗೆ ಉದ್ದಕ್ಕೂ ನೀಲಿ ಟಾರ್ಪಾಲು ಕಟ್ಟಿದ್ದರು. ಆಚೆ ಮಣ್ಣು ತಳ್ಳುವ ಯಂತ್ರದ ಸದ್ದು ಮಧ್ಯಾಹ್ನದವರೆಗೂ ಕೇಳಿಸಿತು. ಟಾರ್ಪಾಲು ಬಿಚ್ಚಿದಾಗ ಕಂದಕ ಇರಲಿಲ್ಲ. ಸಪಾಟು ನೆಲ, ಅದರ ಮೇಲೆ ಚಕ್ರದ ಗುರುತು. ನಮ್ಮಲ್ಲಿ ಯಾರೂ ಒಂದು ಹೆಣವನ್ನೂ ನೋಡಲಿಲ್ಲ. ನಂತರ ನೀವು ಒಂದು ಹೇಳಿಕೆ ಕೊಟ್ಟಿರಿ: ರಕ್ಷಣೆಯಲ್ಲಿದ್ದ ನಾಗರಿಕರ ಪೈಕಿ ಯಾರಿಗೂ ಪ್ರಾಣಹಾನಿ ಸಂಭವಿಸಿಲ್ಲ. ನಿಜವೇ. ಸಾಯಲಿದ್ದವರನ್ನೆಲ್ಲ ನೀವು ಮೊದಲೇ ರಕ್ಷಣೆಯ ಹೊರಗೆ ಕೂರಿಸಿದ್ದಿರಿ. ಹೀಗೆ ಬರೆಯಲು ಓದಿದವರಿಗೆ ಮಾತ್ರ ಸಾಧ್ಯ.

ಅಮ್ಮ ತಲೆ ಬೋಳಿಸಿಕೊಂಡಳು. ಮಣಿಸರ ತೆಗೆದಿಟ್ಟಳು. ಸತ್ತವನಿಗೆ ನಾವು ಒಂದು ಎತ್ತನ್ನು ಕೊಟ್ಟು ಕಳಿಸಿಕೊಡುತ್ತೇವೆ. ಆ ಕರ್ಮ ಆಗುವವರೆಗೆ ಅವನು ಸತ್ತವರ ಜೊತೆ ಸೇರುವುದಿಲ್ಲ, ಅವನ ಹೆಸರಿನಲ್ಲಿ ಹೆಣ್ಣು ತರುವ ಹಾಗೂ ಇಲ್ಲ. ಬೇಲಿಯೊಳಗೆ ಎತ್ತು ಎಲ್ಲಿಂದ ತರುವುದು? ಊರಿಗೆ ಹೋದ ಮೇಲೆ ಮಾಡೋಣ ಎಂದು ಹಿರಿಯರು ಹೇಳಿದರು. ಊರಿಗೆ ಹೋಗಲೇ ಇಲ್ಲ. ಆರು ವರ್ಷ ನಿಮ್ಮ ಬೇಲಿಯೊಳಗೇ ಇದ್ದೆವು.

ಮೊದಲ ವರ್ಷವೇ ಒಂದು ವಿಷಯ ನಡೆಯಿತು. ಎರಡನೇ ಗೇಟಿನ ಗೋಪುರದ ಮೇಲೆ ಒಬ್ಬ ಚಿಕ್ಕ ವಯಸ್ಸಿನ ಸೈನಿಕ ಕಾವಲಿರುತ್ತಿದ್ದ. ಯಾವ ದೇಶದವನೋ ಗೊತ್ತಿಲ್ಲ. ನಾವು ಒಳಗೆ ಬಂದ ದಿನ ಮಕ್ಕಳಿಗೆ ಬಿಸ್ಕತ್ತು ಎಸೆದಿದ್ದ. ಅವನ ಹತ್ತಿರ ಹಸಿರು ರಟ್ಟಿನ ಒಂದು ಪುಸ್ತಕ ಇತ್ತು. ಗಂಟೆಗೊಮ್ಮೆ ಗಡಿಯಾರ ನೋಡಿ ಅದರಲ್ಲಿ ಬರೆಯುತ್ತಿದ್ದ. ಹಸು ಬೇಲಿಗೆ ಬಂದರೂ ಬರೆಯುತ್ತಿದ್ದ. ಆ ಘಟನೆಯ ನಂತರ ಅವನು ಮತ್ತೆ ಬಿಸ್ಕತ್ತು ಎಸೆಯಲಿಲ್ಲ. ಅವನ ತಂಡ ತಮ್ಮ ದೇಶಕ್ಕೆ ವಾಪಸು ಹೋಗುವ ದಿನ ಬೆಳಿಗ್ಗೆ ಶಾಲೆಯ ಟಾರ್ಪಾಲಿನ ಹತ್ತಿರ ಬಂದು ನನ್ನನ್ನು ಹುಡುಕಿದ. ಚೀಲದಿಂದ ಮರದ ತಲೆದಿಂಬನ್ನು ತೆಗೆದು ನನ್ನ ಕೈಗೆ ಕೊಟ್ಟ. ಮೂರು ಕಾಲು, ಒಂದಕ್ಕೆ ಕೆಂಪು ತಂತಿ. ಏನೋ ಹೇಳಲು ಬಾಯಿ ತೆರೆದ. ಅವನ ಭಾಷೆ ನನಗೆ ಬರುತ್ತಿರಲಿಲ್ಲ. ಅಳುತ್ತಾ ಹೋದ. ಅವನು ನಮ್ಮನ್ನು ಬೇಲಿಯ ಹತ್ತಿರ ಅವತ್ತು ಬೆಳಿಗ್ಗೆ ನೋಡಿದ್ದ, ಅದಕ್ಕೇ ಯಾರಿಗೆ ಕೊಡಬೇಕೆಂದು ಅವನಿಗೆ ಗೊತ್ತಿತ್ತು.

ಅದಾಗಿ ಎರಡು ವರ್ಷಕ್ಕೆ ನಿಮ್ಮ ಪಟ್ಟಿ ಬಂತು. ಮನೆಮಂದಿ ಕೊಟ್ಟ ಹೆಸರುಗಳನ್ನೆಲ್ಲ ಸೇರಿಸಿ, 'ಕಾಣೆಯಾದವರು' ಎಂಬ ತಲೆಬರಹ ಕೊಟ್ಟು ಗೋಡೆಗೆ ಹಚ್ಚಿದಿರಿ. ಅದರಲ್ಲಿ ಚುವೊಲ್ ಇದ್ದ. ನಾನು ಅರ್ಜಿ ಹಾಕಿದಾಗ ಬಂದ ಉತ್ತರವೂ ಅದನ್ನೇ ಹೇಳಿತು: 'ಸದರಿ ವ್ಯಕ್ತಿ ಕಾಣೆಯಾದವರ ಪಟ್ಟಿಯಲ್ಲಿದ್ದು, ಮೃತಪಟ್ಟಿರುವ ಬಗ್ಗೆ ಈ ಕಚೇರಿಯಲ್ಲಿ ಯಾವುದೇ ಮಾಹಿತಿ ಇರುವುದಿಲ್ಲ. ಕುಟುಂಬದವರು ಪುನರ್ಮಿಲನದ ಭರವಸೆಯನ್ನು ಕಳೆದುಕೊಳ್ಳಬಾರದು.'

ಭರವಸೆ ಎಂಬುದನ್ನು ನೀವು ಕಂಬಳಿ ಹಂಚಿದ ಹಾಗೆ ಹಂಚಿದಿರಿ. ಅದು ನಮ್ಮ ಮನೆಯಲ್ಲಿ ಏನು ಮಾಡಿತು ಎಂದು ಹೇಳುತ್ತೇನೆ. ನಾನು ಆ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಮಾರನೇ ದಿನ ಜೋಳದ ಮುದ್ದೆ ಮಾಡಿದಾಗ ಒಂದು ಬಟ್ಟಲನ್ನು ಬೇರೆ ತೆಗೆದಿಟ್ಟಳು, ಅದರ ಪಕ್ಕ ಒಂದು ಚಿಟಿಕೆ ಉಪ್ಪು. ಇವತ್ತಿಗೂ ಇಡುತ್ತಾಳೆ. ಸಂಜೆ ಅದನ್ನು ನ್ಯಾಪುವೊಕ ತಿನ್ನುತ್ತಾಳೆ. ಸತ್ತ ಚುವೊಲ್‌ಗಾಗಿ ಅತ್ತು ಮುಗಿಸಿದ್ದ ಹೆಂಗಸನ್ನು ನೀವು ಮತ್ತೆ ಬಾಗಿಲು ನೋಡುವ ಹಾಗೆ ಮಾಡಿದಿರಿ. ಕೊಂದವರು ಕೂಡ ನಮಗೆ ಅದನ್ನು ಮಾಡಿರಲಿಲ್ಲ.

ಈಗ ಗಡಿ ದಾಟಿ ಇಥಿಯೋಪಿಯಾದ ಶಿಬಿರದಲ್ಲಿದ್ದೇವೆ. ಗಾಟ್ಲುವಾಕ್‌ಗೆ ಇಪ್ಪತ್ತನಾಲ್ಕು ವರ್ಷ. ಈ ಕಡೆಯ ಸಂಬಂಧಿಕರು ಅವನ ಮದುವೆಗೆ ದನ ಕೊಡಲು ಒಪ್ಪಿದ್ದಾರೆ. ಅವನು ಅವರಿಗೆ ಹೇಳಿದ್ದು ಇಷ್ಟೇ: "ಮೊದಲು ಚುವೊಲ್‌ನದು ಆಗಲಿ. ನನ್ನದು ಆಮೇಲೆ ನೋಡ್ಕೊಳ್ಳೋಣ." ಅಮ್ಮ ಎದ್ದು ಹೊರಗೆ ಹೋದಳು. ಆ ಮಾತನ್ನು ಅವಳು ಮೊದಲೂ ಒಂದು ಸಲ ಕೇಳಿದ್ದಳಲ್ಲ.

ಚುವೊಲ್ ತನ್ನ ಹೆಸರನ್ನು ಹಿಂದೆ ಹಾಕಿ ಅಣ್ಣನ ಹೆಸರನ್ನು ಉಳಿಸಿದವನು. ಅವನ ಹೆಸರಿಗೆ ಒಂದು ಮಗುವೂ ಇಲ್ಲ. ನಾವು ಮೂವರೂ ಅವನ ರಕ್ತ, ಆದರೆ ಅವನ ಮಕ್ಕಳಲ್ಲ. ಹೆಣ್ಣು ಗೊತ್ತಾಗಿದೆ, ಹೆಸರು ನ್ಯಾಕಿಮ್, ಪಕ್ಕದ ಸಾಲಿನ ಗುಡಿಸಲಿನವಳು. ಗಾಟ್ಲುವಾಕ್‌ನನ್ನು ಕಂಡರೆ ಅವಳಿಗೆ ಇಷ್ಟ. ಚುವೊಲ್‌ನ ಹೆಸರಿನಲ್ಲಿ ಬರಲೂ ಒಪ್ಪಿಗೆ. ಎತ್ತೂ ಇದೆ, ಬಿಳಿ ಬೆನ್ನಿನದು. ಎಲ್ಲ ಸರಿಯಾಗಿತ್ತು. ಹಿರಿಯರು ಕೂತ ದಿನ ಕುವೆತ್ ಅಜ್ಜ ನಿಮ್ಮ ಕಾಗದವನ್ನು ಕೇಳಿದರು. ಅವರು ನಮ್ಮ ಕುಲದಲ್ಲಿ ಎಲ್ಲರಿಗಿಂತ ದೊಡ್ಡವರು, ಅವರ ಮಾತಿಲ್ಲದೆ ಎತ್ತಿನ ಮೇಲೆ ಭರ್ಜಿ ಎತ್ತುವ ಹಾಗಿಲ್ಲ.

"ಇನ್ನೊಂದು ಸಲ ಓದಮ್ಮ" ಅಂದರು.

ಓದಿದೆ.

"ಸತ್ತ ಅಂತ ಎಲ್ಲೂ ಇಲ್ಲ?"

"ಇಲ್ಲ ಅಜ್ಜ. ಆದರೆ ಅವರು ಸುಳ್ಳು ಬರೆದಿದಾರೆ."

"ನೋಡಿದವರು ಯಾರಿದ್ದಾರೆ ಹೇಳು. ನಿಮ್ಮಮ್ಮ ನೋಡಿದಾಳಾ? ನೀನು ನೋಡಿದೀಯಾ?"

ನಾನು ತಲೆದಿಂಬನ್ನು ತಂದು ಅವರ ಮುಂದೆ ಇಟ್ಟೆ. ಅವರು ಅದರ ಕೆಂಪು ತಂತಿಯನ್ನು ಬೆರಳಿನಿಂದ ಸವರಿದರು. "ಇದು ಚುವೊಲ್‌ದೇ. ಆದರೆ ಪ್ರಾಣಕ್ಕೆ ಓಡೋನು ಮಣೆ ಎತ್ಕೊಂಡು ಓಡ್ತಾನಾ, ಮಗಳೇ? ನನ್ನದೂ ಒಂದು ಊರಲ್ಲೇ ಬಿದ್ದಿದೆ, ನಾನು ಇಲ್ಲಿದೀನಿ." ಆಮೇಲೆ ಒಂದು ಕತೆ ಹೇಳಿದರು. ಅವರ ಚಿಕ್ಕಂದಿನಲ್ಲಿ ಊರಿನ ಒಬ್ಬ ಕೂಲಿಗೆಂದು ಉತ್ತರಕ್ಕೆ ಹೋಗಿ ನಾಲ್ಕು ವರ್ಷ ಬರಲಿಲ್ಲ. ಸತ್ತ ಎಂದು ಎತ್ತು ಕೊಟ್ಟು ಕರ್ಮ ಮಾಡಿಬಿಟ್ಟರು. ಅದಾದ ಮೇಲೆ ಅವನು ನಡೆದುಕೊಂಡು ಬಂದ. "ಬಂದ, ಉಂಡ, ಕೂತ. ಆದರೆ ಅವನ ಉಸಿರು ಎತ್ತಿನ ಜೊತೆ ಹೋಗಿಬಿಟ್ಟಿತ್ತು. ಬರೀ ಮೈ ಓಡಾಡ್ತಿತ್ತು. ಯಾರೂ ಹೆಣ್ಣು ಕೊಡಲಿಲ್ಲ, ಯಾರೂ ಜೊತೆಯಲ್ಲಿ ಹಾಲು ಕುಡೀಲಿಲ್ಲ. ಹಂಗೇ ಸೊರಗಿ ಹೋದ. ಚುವೊಲ್ ಎಲ್ಲೋ ಬದುಕಿದ್ರೆ, ನಮ್ಮ ಕೈಯಾರೆ ಅವನನ್ನ ಕೊಲ್ಲೋಣವಾ?"

"ಅಜ್ಜ, ಹತ್ತು ವರ್ಷ ಆಯ್ತು" ಎಂದ ಗಾಟ್ಲುವಾಕ್.

"ಇವರ ಹತ್ತಿರ ಆಕಾಶದಲ್ಲಿ ಹಾರಿಕೊಂಡು ನೆಲ ನೋಡೋ ಯಂತ್ರ ಇದೆ. ಗೋಪುರ ಇದೆ. ಗಂಟೆಗೊಮ್ಮೆ ಬರ್ಕೊಳ್ಳೋ ಪುಸ್ತಕ ಇದೆ ಅಂತ ನಿನ್ನ ತಂಗಿನೇ ಹೇಳ್ತಾಳೆ. ಇಷ್ಟೆಲ್ಲ ಇಟ್ಕೊಂಡಿರೋರು 'ಕಾಣೆಯಾಗಿದಾನೆ' ಅಂತ ಸಹಿ ಹಾಕಿದ ಮೇಲೆ, ಬರೀ ನಾವು ಅತ್ತಿದ್ದನ್ನ ನಂಬ್ಕೊಂಡು ನಾನು ಭರ್ಜಿ ಎತ್ತೋದು ಹೆಂಗೆ?"

ಮಾನ್ಯರೇ, ಇಡೀ ಲೋಕದಲ್ಲಿ ನಿಮ್ಮ ಸಹಿಯನ್ನು ಪೂರ್ತಿಯಾಗಿ ನಂಬುವ ಮನುಷ್ಯ ಒಬ್ಬರೇ ಉಳಿದಿರುವುದು, ಅವರು ನಮ್ಮ ಕುವೆತ್ ಅಜ್ಜ. ನೀವು ಬರೆಯುವಾಗ 'ಕಾಣೆಯಾದವನು' ಎಂಬುದು ಒಂದು ಅನುಕೂಲ. ಕಾಣೆಯಾದವನಿಗೆ ಯಾರೂ ಉತ್ತರ ಕೊಡಬೇಕಿಲ್ಲ. ಗೇಟು ಯಾಕೆ ತೆರೆಯಲಿಲ್ಲ ಎಂದು ಅವನ ಕಡೆಯಿಂದ ಯಾರೂ ಕೇಳುವ ಹಾಗಿಲ್ಲ. ಆದರೆ ಆ ಪದ ನಮ್ಮಲ್ಲಿಗೆ ಬಂದಾಗ ಅದು ಅನುಕೂಲವಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಒಬ್ಬ ಮನುಷ್ಯ ಬದುಕಿದ್ದಾನೆ ಅಥವಾ ಸತ್ತಿದ್ದಾನೆ. ಬದುಕಿದ್ದರೆ ಮನೆಗೆ ಬರುತ್ತಾನೆ. ಸತ್ತಿದ್ದರೆ ಅವನ ಹೆಸರನ್ನು ಮನೆಗೆ ತರುತ್ತೇವೆ. ನೀವು ಅವನನ್ನು ಎರಡರ ನಡುವೆ ಕೂರಿಸಿದ್ದೀರಿ. ಆಗಲೂ ಗೇಟಿನ ಹೊರಗೆ, ಈಗಲೂ ಗೇಟಿನ ಹೊರಗೆ.

ನ್ಯಾಕಿಮ್ ಬಾಯಿ ಜೋರು. ಅವತ್ತು ಹಿರಿಯರ ಹಿಂದೆ ನೀರು ತುಂಬುತ್ತಾ ನಿಂತಿದ್ದವಳು ಕೊಡ ಇಳಿಸಿ, "ನನ್ನನ್ನ ಸತ್ತವನಿಗೆ ಕೊಡ್ತೀರೋ, ಕಾಣೆಯಾದವನಿಗೆ ಕೊಡ್ತೀರೋ? ಮೊದಲು ಅದನ್ನ ತೀರ್ಮಾನ ಮಾಡಿ" ಅಂದಳು. "ಸತ್ತವನಿಗಾದ್ರೆ ನಾನು ಮಕ್ಕಳು ಹೆರಬಹುದು. ಕಾಣೆಯಾದವನಿಗೆ ಏನು ಹೆರಲಿ?" ಹಿರಿಯರು ಗದರಿದರು. ಮಳೆಗಾಲ ಮುಗಿಯುವವರೆಗೆ ಕಾಯುತ್ತೇವೆ, ಆಮೇಲೆ ಬೇರೆ ಕಡೆ ನೋಡುತ್ತೇವೆ ಎಂದು ಅವಳ ಮನೆಯವರು ಹೇಳಿದ್ದಾರೆ. ಅವರದ್ದು ತಪ್ಪಲ್ಲ.

ಆ ಹಸಿರು ರಟ್ಟಿನ ಪುಸ್ತಕ ನಿಮ್ಮ ಹತ್ತಿರ ಇದೆ. ಹಸು ಬೇಲಿಗೆ ಬಂದದ್ದನ್ನು ಬರೆದ ಹುಡುಗ ಆ ಮಧ್ಯಾಹ್ನ ಮೂರು ಗಂಟೆಯ ಪುಟವನ್ನು ಖಾಲಿ ಬಿಟ್ಟಿರುತ್ತಾನೆಯೇ? ಯಂತ್ರದಲ್ಲಿ ಮಣ್ಣು ತಳ್ಳಿದವನಿಗೆ ಯಾರೋ ಆದೇಶ ಕೊಟ್ಟಿದ್ದಾರೆ. ಆ ಆದೇಶ ಮಾತ್ರ ಎಷ್ಟು ಬೇಗ ಬಂತು ನೋಡಿ. ಅದೂ ಕಾಗದದಲ್ಲಿರುತ್ತದೆ. ಮಾಹಿತಿ ಇರುವುದಿಲ್ಲ ಎಂದು ಬರೆದ ಕೈಗೆ ಇದು ಗೊತ್ತಿರಲಿಲ್ಲವೇ?

ಈ ಪತ್ರವನ್ನು ಬರೆದು ಮೊದಲು ಅಮ್ಮನಿಗೆ ಓದಿ ಹೇಳಿದೆ. ಗೇಟು ಬಡಿದ ಸದ್ದು, ಆದೇಶ, ಚಿಲಕ, ಎಲ್ಲವನ್ನೂ ಕೇಳಿದಳು. ಬಹಳ ಹೊತ್ತು ಜೋಳ ಕೇರುತ್ತಿದ್ದಳು. ಆಮೇಲೆ ಹೇಳಿದಳು: "ಗೇಟಿನ ಮಾತು ಇಟ್ರೆ ಅವರು ಹೆದರ್ತಾರೆ. ಹೆದರಿದವರು ಏನೂ ಬರೆದು ಕೊಡಲ್ಲ. ಅದನ್ನ ತೆಗಿ. ಸತ್ತ ಅಂತ ಅಷ್ಟೇ ಬರೆದುಕೊಡಿ ಅಂತ ಕೇಳು." ಮೊರವನ್ನು ಕೆಳಗಿಟ್ಟು, "ಅವತ್ತು ನಾನೂ ಒಂದು ಸುಳ್ಳು ಹೇಳಿದ್ರೆ ಆಗ್ತಿತ್ತು. ನನ್ನ ಗಂಡ ಇವನೇ ಅಂತ. ಬೀಲ್ ಕ್ಷಮಿಸ್ತಿದ್ದ" ಅಂದಳು.

ನಾನು ಅಮ್ಮನ ಮಾತನ್ನು ಅರ್ಧ ಕೇಳುತ್ತಿದ್ದೇನೆ. ಗೇಟಿನ ಮಾತನ್ನು ಇಲ್ಲಿಂದ ತೆಗೆದಿಲ್ಲ. ಆದರೆ ನೀವು ನಿಮ್ಮ ಉತ್ತರದಲ್ಲಿ ಅದನ್ನು ಬರೆಯಲೇಬೇಕು ಎಂದು ಕೇಳುವುದಿಲ್ಲ. ಗೇಟು ನಿಮ್ಮ ಹತ್ತಿರವೇ ಇರಲಿ. ನನಗೆ ಪರಿಹಾರ ಬೇಡ, ಯಾರನ್ನೂ ಶಿಕ್ಷಿಸಿ ಎನ್ನುವ ಶಕ್ತಿಯೂ ನನಗಿಲ್ಲ. ಆ ದಿನದ ಪುಟ ತೆರೆದು ನೋಡಿ, ಒಂದೇ ಒಂದು ವಾಕ್ಯ ಬರೆದು, ಕೆಳಗೆ ಸಹಿ ಮಾಡಿ ಕಳಿಸಿ. ನಿಮಗೆ ಕಷ್ಟವಾಗಬಾರದೆಂದು ವಾಕ್ಯವನ್ನು ನಾನೇ ಬರೆದಿದ್ದೇನೆ: 'ಬೀಲನ ತಮ್ಮ ಚುವೊಲ್, ಸಾಲಿನಲ್ಲಿ ಮೂರನೆಯವನಾಗಿ ಕೂತಿದ್ದವನು, ಆ ದಿನ ಸತ್ತನು.' ಮಳೆಗಾಲ ಮುಗಿಯುವುದರೊಳಗೆ ಅದು ಕುವೆತ್ ಅಜ್ಜನ ಕೈ ಸೇರಬೇಕು. ಬಿಳಿ ಬೆನ್ನಿನ ಎತ್ತು ಕಟ್ಟಿದೆ. ನ್ಯಾಕಿಮ್ ದಿನಾ ನನ್ನನ್ನು ಕೇಳುತ್ತಾಳೆ, "ಬಂತಾ?" ಎಂದು. ಅದು ಬಂದ ದಿನ ಅಮ್ಮ ಬಟ್ಟಲು ತೆಗೆದಿಡುವುದನ್ನು ನಿಲ್ಲಿಸುತ್ತಾಳೆ. ಆಮೇಲೆ ಒಂದು ಮಗು ಹುಟ್ಟುತ್ತದೆ. ಅದು ಚುವೊಲ್‌ನ ಮಗು.

ನಮ್ಮ ಜನರ ಗತಿ ನೋಡಿದರೆ ಆ ಮಗುವೂ ಒಂದು ದಿನ ಯಾವುದೋ ಗೇಟಿನ ಮುಂದೆ ನಿಲ್ಲಬಹುದು. ಮೇಜಿನ ಹಿಂದೆ ಕೂತವರು ಅಪ್ಪನ ಹೆಸರು ಕೇಳುತ್ತಾರೆ. ಅದು ಚುವೊಲ್ ಎನ್ನುತ್ತದೆ. ಎಲ್ಲಿದ್ದಾನೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಸದ್ಯಕ್ಕೆ ನಿಮ್ಮೊಬ್ಬರ ಹತ್ತಿರ ಮಾತ್ರ ಇದೆ.

ಇಂತಿ,
ಅಪ್ಪ ಸತ್ತು ಒಂಬತ್ತು ವರ್ಷಕ್ಕೆ ಹುಟ್ಟಿದವಳೆಂದು ನಿಮ್ಮ ರಿಜಿಸ್ಟರಿನಲ್ಲಿರುವ,
ಅವತ್ತು ಬೇಲಿಯ ಈಚೆ ನಿಂತು ಒಂದು ಮಾತೂ ಆಡದ,
ಬೀಲನ ಮಗಳು ನ್ಯಾಚಿಯೆಂಗ್